ಡ್ಯೂಟಿ ಪಟ್ಟಿಯಿಂದ ಶುರು ಮಾಡಿ: ವಾರ್ಡಿನೊಳಗಿನ ಭೇದಭಾವ ಹಿಡಿಯುವುದು ಹೇಗೆ

ನಾನು ನರ್ಸಿಂಗ್ ಇನ್‌ಚಾರ್ಜ್. ಡ್ಯೂಟಿ ಪಟ್ಟಿ ಹಾಕುವುದು, ರಜೆ ಕೊಡುವುದು, ಹೊಸಬರನ್ನು ತಯಾರು ಮಾಡುವುದು, ಏನಾದರೂ ಎಡವಟ್ಟಾದರೆ ವರದಿ ಬರೆಯುವುದು ನನ್ನ ಕೆಲಸ. ಭೇದಭಾವದ ಬಗ್ಗೆ ನಡೆಯುವ ತರಬೇತಿಗಳಲ್ಲಿ ಸಾಕಷ್ಟು ಸಲ ಕೂತಿದ್ದೇನೆ. ಸ್ಲೈಡ್ ತೋರಿಸುತ್ತಾರೆ, ಎಲ್ಲರೂ ತಲೆ ಆಡಿಸುತ್ತಾರೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ವಾರ್ಡಿಗೆ ವಾಪಸ್. ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಮಾತ್ರ ಹಿಂದಿನ ತಿಂಗಳದ್ದರ ಹಾಗೇ ಇರುತ್ತದೆ.

ಗೊತ್ತಿಲ್ಲದೆ ಮನಸ್ಸಿನಲ್ಲಿ ಕೂತಿರುವ ಪೂರ್ವಗ್ರಹವನ್ನು ಅಳೆಯಲು ಒಂದು ಕಂಪ್ಯೂಟರ್ ಪರೀಕ್ಷೆ ಇದೆ. ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಅದನ್ನು ಮುಂದಿಟ್ಟರು. ಆಮೇಲೆ ಇಂಥ ಅಳತೆಗಳ ಮೇಲೆ ರಾಶಿ ಅಧ್ಯಯನಗಳು ಬಂದವು. 2019ರಲ್ಲಿ 492 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡದ್ದು ಇಷ್ಟು: ಪರೀಕ್ಷೆಯ ಅಂಕ ಸ್ವಲ್ಪ ಬದಲಾಯಿಸಬಹುದು, ಅದರಿಂದ ನಡವಳಿಕೆಯೂ ಬದಲಾಗುತ್ತದೆ ಅನ್ನಲು ಆಧಾರ ಸಿಗಲಿಲ್ಲ. ಹಾಗಂತ ನಮ್ಮವರಿಗೆ ಪೂರ್ವಗ್ರಹವೇ ಇಲ್ಲ ಅಂತ ಅಲ್ಲ. 2017ರಲ್ಲಿ 42 ಅಧ್ಯಯನಗಳನ್ನು ನೋಡಿದ ಒಂದು ಪರಿಶೀಲನೆ ಪ್ರಕಾರ, ಡಾಕ್ಟರು ನರ್ಸುಗಳಲ್ಲಿ ಅದು ಉಳಿದ ಜನರಲ್ಲಿ ಇರುವಷ್ಟೇ ಇದೆ. ಬಿಳಿ ಕೋಟು ಹಾಕಿದ ಮಾತ್ರಕ್ಕೆ ಕಡಿಮೆಯೂ ಆಗುವುದಿಲ್ಲ, ಜಾಸ್ತಿಯೂ ಆಗುವುದಿಲ್ಲ.

ಹಾಗಾಗಿ ನಾನು ಮನಸ್ಸು ತೊಳೆಯುವ ಕೆಲಸಕ್ಕೆ ಕೈ ಹಾಕುವುದಿಲ್ಲ. ಕಾಗದ ನೋಡುತ್ತೇನೆ. ಯಾರ ತಲೆಯಲ್ಲಿ ಏನಿದೆ ಅನ್ನುವುದು ಕಾಣುವುದಿಲ್ಲ. ಯಾರಿಗೆ ಎಷ್ಟು ನೈಟ್ ಬಿತ್ತು ಅನ್ನುವುದು ಕಾಣುತ್ತದೆ ಅಲ್ವಾ?

ಮೊದಲು ಎಣಿಸಿ

ಹಿಂದಿನ ಮೂರು ತಿಂಗಳ ಪಟ್ಟಿ ತೆಗೆದುಕೊಳ್ಳಿ. ಒಂದು ತಿಂಗಳದ್ದು ಸಾಲದು. ಯಾರೋ ರಜೆಯಲ್ಲಿರುತ್ತಾರೆ, ಯಾರಿಗೋ ಹುಷಾರಿರುವುದಿಲ್ಲ. ತಿಂಗಳ ಮೊದಲು ಹಾಕಿದ ಪಟ್ಟಿ ಮತ್ತು ನಿಜವಾಗಿ ನಡೆದ ಪಟ್ಟಿ, ಎರಡೂ ಬೇಕು. ಹಾಕಿದ ಪಟ್ಟಿ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಏರುಪೇರು ಶುರುವಾಗುವುದು ಕೊನೇ ಗಳಿಗೆಯ ಬದಲಾವಣೆಗಳಲ್ಲಿ. ಸಂಜೆ ಏಳಕ್ಕೆ ಫೋನ್ ಮಾಡಿ 'ಇವತ್ತು ನೈಟ್ ಬರ್ತೀಯಾ' ಅಂತ ಕೇಳುವಾಗ ಯಾರ ನಂಬರ್ ಮೊದಲು ಒತ್ತುತ್ತೇವೆ? ಇಲ್ಲ ಅನ್ನದವರದ್ದು. ಇಲ್ಲ ಅನ್ನಲು ಹೆದರುವವರದ್ದು. ಹೊಸಬರು, ಗುತ್ತಿಗೆಯವರು, ಬೇರೆ ಕಡೆಯಿಂದ ಬಂದವರು.

ಒಂದು ಹಾಳೆಯಲ್ಲಿ ಕಾಲಂ ಎಳೆಯಿರಿ. ನೈಟ್ ಶಿಫ್ಟ್. ವಾರಾಂತ್ಯ ಮತ್ತು ರಜಾದಿನ. ಸಂಜೆ ಮುಗಿಸಿ ಬೆಳಗ್ಗೆಯೇ ಮತ್ತೆ ಬಂದ ದಿನಗಳು. ಬೇರೆ ವಾರ್ಡಿಗೆ ಕಳಿಸಿದ ದಿನಗಳು. ಐಸೊಲೇಷನ್ ರೂಮಿನ ಕೆಲಸ. ಇಲ್ಲಿಗೆ ನಿಲ್ಲಿಸಬೇಡಿ. ಬಹಳ ಜನ ಕಷ್ಟದ ಕೆಲಸ ಎಣಿಸುತ್ತಾರೆ, ಒಳ್ಳೆಯ ಕೆಲಸ ಎಣಿಸುವುದನ್ನು ಮರೆಯುತ್ತಾರೆ. ಶಿಫ್ಟ್ ಜವಾಬ್ದಾರಿ ಯಾರಿಗೆ ಕೊಟ್ಟಿರಿ? ಹೊಸ ವೆಂಟಿಲೇಟರ್ ಬಂದಾಗ ಕಲಿಯಲು ಯಾರನ್ನು ಕಳಿಸಿದಿರಿ? ವಿದ್ಯಾರ್ಥಿಗಳಿಗೆ ಕಲಿಸಲು ಯಾರನ್ನು ಹಾಕಿದಿರಿ? ಪ್ರಮೋಷನ್ ಬಂದಾಗ ಕೇಳುವುದು ಇವನ್ನೇ. ಆರೋಗ್ಯ ಕ್ಷೇತ್ರದಲ್ಲಿ ದುಡಿಯುವವರಲ್ಲಿ ಸುಮಾರು 70% ಹೆಂಗಸರು, ಮೇಲಿನ ಹುದ್ದೆಗಳಲ್ಲಿ ಅವರ ಪಾಲು ಸುಮಾರು 25% ಮಾತ್ರ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತು. ಆ ಅಂತರ ಪ್ರಮೋಷನ್ ಕಮಿಟಿಯ ಕೋಣೆಯಲ್ಲಿ ಒಂದೇ ದಿನ ಹುಟ್ಟುವುದಿಲ್ಲ. ಈ ಥರದ ಕಾಲಂಗಳಲ್ಲಿ ವರ್ಷಗಟ್ಟಲೆ ಬೆಳೆಯುತ್ತದೆ.

ಹೆಸರಿನ ಬದಲು ನಂಬರ್ ಹಾಕಿ. ಅನುಭವ ಎಷ್ಟು ವರ್ಷ ಅನ್ನುವುದು ಮಾತ್ರ ಪಕ್ಕದಲ್ಲಿರಲಿ. ಬೇರೆ ವಾರ್ಡಿನ ಒಬ್ಬ ಸಹೋದ್ಯೋಗಿಗೆ ಕೊಟ್ಟು, 'ಇದರಲ್ಲಿ ಯಾರಿಗೆ ಅನ್ಯಾಯ ಆಗಿದೆ ಅನ್ನಿಸುತ್ತೆ' ಅಂತ ಕೇಳಿ. ಅವರು ತೋರಿಸಿದ ನಂಬರ್‌ಗಳನ್ನು ಬರೆದಿಟ್ಟುಕೊಂಡ ಮೇಲೆ ಯಾವ ನಂಬರ್ ಯಾರದ್ದು ಅಂತ ನೋಡಿ. ಮೊದಲೇ ಹೆಸರು ಕಂಡರೆ ಪ್ರತಿಯೊಂದಕ್ಕೂ ಒಂದು ಕಾರಣ ಹೊಳೆಯುತ್ತದೆ. 'ಅವಳೇ ಕೇಳಿದ್ದಳು', 'ಅವನಿಗೆ ನೈಟ್ ಇಷ್ಟ'. ಕೆಲವು ಕಾರಣ ನಿಜವೂ ಇರುತ್ತದೆ. ಆದರೆ ಎಲ್ಲವೂ ನಿಜ ಇರಲಾರದು.

ಇನ್ನೊಂದು ಎಚ್ಚರಿಕೆ. ನಿಮ್ಮ ವಾರ್ಡಿನಲ್ಲಿ ಒಂದು ಗುಂಪಿನವರು ಇಬ್ಬರೇ ಇದ್ದರೆ, ಒಂದೆರಡು ನೈಟ್ ಹೆಚ್ಚುಕಮ್ಮಿ ಆದದ್ದಕ್ಕೆ ತೀರ್ಪು ಕೊಡಬೇಡಿ. ಸುಮ್ನೆ ಹಾಗೆ ಬಿದ್ದಿರಬಹುದು. ಇನ್ನೂ ಮೂರು ತಿಂಗಳು ನೋಡಿ.

ನಾನು ಇನ್‌ಚಾರ್ಜ್ ಆಗಿ ಬಂದಾಗ ಕೈಗೆ ಸಿಕ್ಕ ಪಟ್ಟಿಗಳಲ್ಲಿ ಕಂಡದ್ದು, ಆಮೇಲೆ ಬೇರೆ ಕಡೆಯವರು ಎಣಿಸಿ ಹೇಳಿದ್ದು, ಹೆಚ್ಚುಕಮ್ಮಿ ಒಂದೇ ಥರ. ಮದುವೆಯಾಗದವರಿಗೆ ರಜಾದಿನದ ಡ್ಯೂಟಿ. ಗಂಡು ನರ್ಸುಗಳಿಗೆ ಭಾರ ಎತ್ತುವ ಕೆಲಸ ಮತ್ತು ಕೈ ಮಾಡುವ ರೋಗಿಗಳು. ಅವರ ಬೆನ್ನು ಕಬ್ಬಿಣದ್ದೇನಲ್ಲ. ಐಸೊಲೇಷನ್ ರೂಮಿನ ಕಸ ಯಾವಾಗಲೂ ಒಂದೇ ಗುತ್ತಿಗೆ ಕೆಲಸಗಾರರ ತಲೆಗೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ ಶಿಫ್ಟ್ ಜವಾಬ್ದಾರಿಯೂ ಇಲ್ಲ, ತರಬೇತಿಯೂ ಇಲ್ಲ. 'ಪಾಪ, ಅವಳಿಗೆ ಕಷ್ಟ ಆಗುತ್ತೆ' ಅಂತ. ಕೇಳಿದವರು ಯಾರು? ಯಾರೂ ಇಲ್ಲ. ಇದನ್ನು ಸರಿಮಾಡುವುದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಮಾಡಿದವರ ಮನಸ್ಸಿನಲ್ಲಿ ಕರುಣೆಯೇ ಇತ್ತು.

ಭಾಷೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ರೋಗಿಯ ಭಾಷೆ ಬಲ್ಲ ನರ್ಸ್ ಒಬ್ಬಳೇ ಇದ್ದಾಳೆ ಅಂದುಕೊಳ್ಳಿ. ದಿನವಿಡೀ ಅವಳನ್ನು ಕರೆಯುತ್ತಾರೆ. ಒಪ್ಪಿಗೆ ಪತ್ರ ವಿವರಿಸಲು, ಮನೆಯವರಿಗೆ ಕೆಟ್ಟ ಸುದ್ದಿ ಹೇಳಲು, ಡಾಕ್ಟರ ಪ್ರಶ್ನೆ ಕೇಳಲು. ಅಷ್ಟರಲ್ಲಿ ಅವಳ ಸ್ವಂತ ರೋಗಿಗಳ ಮಧ್ಯಾಹ್ನದ ಔಷಧ ತಡವಾಗುತ್ತದೆ, ಚಾರ್ಟ್ ಬರೆಯುವುದು ಬಾಕಿ ಉಳಿಯುತ್ತದೆ. ವರ್ಷದ ಕೊನೆಗೆ ಅವಳ ಮೌಲ್ಯಮಾಪನದಲ್ಲಿ 'ಸಮಯಕ್ಕೆ ಸರಿಯಾಗಿ ಕೆಲಸ ಮುಗಿಸುವುದಿಲ್ಲ' ಅಂತ ಬೀಳುತ್ತದೆ. ಅವಳಿಂದ ವಾರ್ಡಿಗಾದ ಉಪಕಾರವೇ ಅವಳ ಮೇಲಿನ ದೂರು ಆಗಿಬಿಡುತ್ತದೆ. ಪರಿಹಾರ ಸರಳ. ಭಾಷಾಂತರಕ್ಕೆ ಕರೆದಾಗಲೆಲ್ಲ ಸಮಯ ಬರೆದಿಡಿ. ಅಷ್ಟು ಹೊತ್ತಿಗೆ ಅವಳ ರೋಗಿಗಳನ್ನು ಯಾರು ನೋಡುತ್ತಾರೆ ಅಂತ ಕರೆದವರೇ ಹೇಳಲಿ. ಒಪ್ಪಿಗೆ ಪತ್ರದಂಥ ಗಂಭೀರ ವಿಷಯಕ್ಕೆ ತರಬೇತಿ ಪಡೆದ ಭಾಷಾಂತರಕಾರರೇ ಬೇಕು ಅಂತ ಆಡಳಿತಕ್ಕೆ ಬರೆಯುವಾಗ ಈ ಲೆಕ್ಕವೂ ಕೈಯಲ್ಲಿರುತ್ತದೆ.

ಪಟ್ಟಿಗೆ ಎರಡು ನಿಯಮ ಹಾಕಿ. ಕಷ್ಟದ ಕೆಲಸವೂ ಒಳ್ಳೆಯ ಅವಕಾಶವೂ ಸರದಿಯಲ್ಲಿ ಹೋಗಲಿ. ವಿನಾಯಿತಿ ಕೇಳಿದವರಿಗೆ ಮಾತ್ರ, ಊಹಿಸಿ ಕೊಡುವಂತಿಲ್ಲ. ಬಸುರಿತನ, ಕಾಯಿಲೆ, ಅಂಗವೈಕಲ್ಯಕ್ಕೆ ಕೊಡಬೇಕಾದ ಅನುಕೂಲ ಬೇರೆ ಮಾತು. ಅದು ಹಕ್ಕು. ಆದರೆ ಅಲ್ಲೂ ಕೇಳಿಯೇ ಮಾಡಿ.

ತಪ್ಪು ನಡೆದಾಗ

ಇಬ್ಬರು ನರ್ಸುಗಳು ಬೇರೆ ಬೇರೆ ದಿನ ಒಂದೇ ಥರದ ತಪ್ಪು ಮಾಡಿದರು ಅಂತ ಇಟ್ಟುಕೊಳ್ಳಿ. ಔಷಧದ ಡೋಸ್ ಹೆಚ್ಚಾಯಿತು, ರೋಗಿಗೆ ಅಪಾಯ ಆಗಲಿಲ್ಲ. ಒಬ್ಬರ ಬಗ್ಗೆ 'ಆ ದಿನ ವಾರ್ಡ್ ತುಂಬಾ ಬಿಜಿ ಇತ್ತು' ಅನ್ನುತ್ತೇವೆ. ಇನ್ನೊಬ್ಬರ ಬಗ್ಗೆ 'ಅವರು ಹಾಗೇ, ಗಮನ ಕಡಿಮೆ' ಅನ್ನುತ್ತೇವೆ. ಮೊದಲನೆಯವರಿಗೆ ಒಂದು ಕಪ್ ಚಹಾ, ಎರಡನೆಯವರಿಗೆ ಮೆಮೊ. ನಮಗೆ ಹತ್ತಿರದವರ ತಪ್ಪಿಗೆ ಪರಿಸ್ಥಿತಿ ಕಾರಣವಾಗುತ್ತದೆ, ದೂರದವರ ತಪ್ಪಿಗೆ ಸ್ವಭಾವ ಕಾರಣವಾಗುತ್ತದೆ.

ಹೆದರ್ ಸಾರ್ಸನ್ಸ್ ಅನ್ನುವ ಅರ್ಥಶಾಸ್ತ್ರಜ್ಞೆ ಅಮೆರಿಕದ ಮೆಡಿಕೇರ್ (ಮುಖ್ಯವಾಗಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ) ದಾಖಲೆ ಹಿಡಿದು ಸರ್ಜನ್‌ಗಳನ್ನು ನೋಡಿದರು. ಆಪರೇಷನ್ ಆದ ರೋಗಿ ಸತ್ತ ಮೇಲೆ, ಬೇರೆ ಡಾಕ್ಟರುಗಳು ಆ ಸರ್ಜನ್ ಹತ್ತಿರ ರೋಗಿಗಳನ್ನು ಕಳಿಸುವುದು ಕಡಿಮೆಯಾಗುತ್ತದೆ. ಸರ್ಜನ್ ಹೆಂಗಸಾಗಿದ್ದರೆ ಗಂಡಸಿಗಿಂತ ಜಾಸ್ತಿ ಕಡಿಮೆಯಾಗುತ್ತದೆ. ಅಷ್ಟೇ ಅಲ್ಲ, ಆ ಡಾಕ್ಟರುಗಳು ಬೇರೆ ಹೆಣ್ಣು ಸರ್ಜನ್‌ಗಳ ಜೊತೆ ಹೊಸದಾಗಿ ಸಂಬಂಧ ಬೆಳೆಸಲೂ ಹಿಂಜರಿಯುತ್ತಾರೆ. ಒಬ್ಬಳಿಗಾದ ಸೋಲು ಎಲ್ಲರ ಲೆಕ್ಕಕ್ಕೆ ಹೋಗುತ್ತದೆ. ಗಂಡಸರ ವಿಷಯದಲ್ಲಿ ಹೀಗೆ ಹರಡುವುದು ಕಾಣಲಿಲ್ಲ.

ಇದಕ್ಕೆ ವಿಮಾನಯಾನದ ಸುರಕ್ಷತೆಯಿಂದ ಬಂದ ಒಂದು ಒಳ್ಳೆಯ ಪ್ರಶ್ನೆ ಇದೆ. ಇಷ್ಟೇ ತರಬೇತಿ, ಇಷ್ಟೇ ಅನುಭವ ಇರುವ ಬೇರೆ ಒಬ್ಬರು ಅದೇ ಗಳಿಗೆಯಲ್ಲಿ ಅದೇ ಜಾಗದಲ್ಲಿ ಇದ್ದಿದ್ದರೆ ಅವರೂ ಹೀಗೇ ಮಾಡುತ್ತಿದ್ದರಾ? ಹೌದು ಅನ್ನುವುದಾದರೆ ವ್ಯಕ್ತಿಯನ್ನು ಬಿಡಿ, ವ್ಯವಸ್ಥೆ ನೋಡಿ. ಒಂದೇ ಥರ ಕಾಣುವ ಎರಡು ಬಾಟಲಿ ಅಕ್ಕಪಕ್ಕ ಇತ್ತಾ? ಒಬ್ಬರಿಗೆ ಎಷ್ಟು ರೋಗಿಗಳಿದ್ದರು? ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ 2018ರಲ್ಲಿ ಹೊರತಂದ ಜಸ್ಟ್ ಕಲ್ಚರ್ (ತಪ್ಪಾದಾಗ ಸಿಬ್ಬಂದಿಯನ್ನು ನ್ಯಾಯವಾಗಿ ನೋಡುವ ರೀತಿ) ಮಾರ್ಗದರ್ಶಿಯಲ್ಲೂ ಈ ಪ್ರಶ್ನೆ ಇದೆ. ಅಲ್ಲಿ 2016ರ ಲೆಕ್ಕದಲ್ಲಿ ಬಿಳಿಯರಲ್ಲದ ಸಿಬ್ಬಂದಿ ಶಿಸ್ತುಕ್ರಮಕ್ಕೆ ಒಳಗಾಗುವ ಸಾಧ್ಯತೆ ಬಿಳಿಯರಿಗಿಂತ 1.56 ಪಟ್ಟು ಇತ್ತು. 2020ರ ಹೊತ್ತಿಗೆ 1.16ಕ್ಕೆ ಇಳಿಯಿತು. ವರ್ಷ ವರ್ಷ ಎಣಿಸಿ ಎಲ್ಲರ ಮುಂದೆ ಇಡುವುದು, ಮೆಮೊಗೆ ಮೊದಲು ಇಂಥ ಪ್ರಶ್ನೆಪಟ್ಟಿ ಇಡುವುದು, ಎರಡರ ಪಾಲೂ ಅದರಲ್ಲಿದೆ ಅಂತ ನನ್ನ ಅಭಿಪ್ರಾಯ.

ನಾನು ಮಾಡುವ ಕ್ರಮ ಹೀಗಿದೆ. ವರದಿಯಲ್ಲಿ ಮೊದಲು ಏನಾಯಿತು ಅಂತ ಬರೆಯಬೇಕು. ಆಮೇಲೆ ಆ ಶಿಫ್ಟಿನಲ್ಲಿ ರೋಗಿಗಳೆಷ್ಟು, ಸಿಬ್ಬಂದಿ ಎಷ್ಟು. ಆಮೇಲೆ ಮೇಲಿನ ಪ್ರಶ್ನೆ. ಹೆಸರು ಕೊನೆಯ ಪುಟದಲ್ಲಿ. ಮೆಮೊ ಕೊಡಬೇಕು ಅನ್ನಿಸಿದರೆ, ಹಿಂದೆ ಇದೇ ಥರದ ತಪ್ಪಿಗೆ ಬೇರೆಯವರಿಗೆ ಏನು ಮಾಡಿದ್ದೆವು ಅಂತ ಫೈಲ್ ತೆಗೆದು ನೋಡಲೇಬೇಕು. ಈ ಒಂದು ಹೆಜ್ಜೆಗೇ ಅರ್ಧ ಮೆಮೊಗಳು ನಿಂತುಹೋಗುತ್ತವೆ.

ಹ್ಯಾಂಡೋವರ್‌ನಲ್ಲಿ, ಅಂದರೆ ಶಿಫ್ಟ್ ಒಪ್ಪಿಸುವಾಗ, ದಾಟುವ ಮಾತು

ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿಗೂ ರೆಸಿಡೆಂಟ್ ಡಾಕ್ಟರುಗಳಿಗೂ ಸಿಕಲ್ ಸೆಲ್ (ತೀವ್ರ ನೋವು ತರುವ ರಕ್ತದ ಕಾಯಿಲೆ) ಇರುವ ಒಬ್ಬ ರೋಗಿಯ ಟಿಪ್ಪಣಿ ಕೊಟ್ಟರು. ರೋಗಿ ಒಂದೇ, ಕಾಯಿಲೆ ಒಂದೇ, ಟಿಪ್ಪಣಿ ಎರಡು ಥರ. ಒಂದರಲ್ಲಿ ನೇರ ಮಾತು, ಇನ್ನೊಂದರಲ್ಲಿ ರೋಗಿಯನ್ನು ಅನುಮಾನಿಸುವ, ಹಳಿಯುವ ಧಾಟಿ. ಎರಡನೆಯದನ್ನು ಓದಿದವರು ರೋಗಿಯನ್ನು ಕೀಳಾಗಿ ಕಂಡರು, ನೋವಿಗೆ ಕೊಡಬೇಕಾದ ಚಿಕಿತ್ಸೆಯಲ್ಲೂ ಕೈ ಬಿಗಿ ಹಿಡಿದರು. 2018ರಲ್ಲಿ ಪ್ರಕಟವಾದ ಅಧ್ಯಯನ ಇದು.

ರೋಗಿಗಳ ಬಗ್ಗೆ ಇದನ್ನು ಎಲ್ಲರೂ ಒಪ್ಪುತ್ತಾರೆ. ಸಿಬ್ಬಂದಿಯ ಬಗ್ಗೆಯೂ ಹೀಗೇ ಆಗುತ್ತದೆ ಅಂದರೆ ಮುಖ ತಿರುಗಿಸುತ್ತಾರೆ. ಹೊಸಬಳು ವಾರ್ಡಿಗೆ ಕಾಲಿಡುವ ಮೊದಲೇ ಅವಳ ಸುದ್ದಿ ಬಂದಿರುತ್ತದೆ. 'ನಿಧಾನ', 'ಬಾಯಿ ಜೋರು', 'ಮೀಸಲಾತಿಯಲ್ಲಿ ಬಂದದ್ದು', 'ಆ ಕಡೆಯವರು ಹಾಗೇ'. ಇದಾದ ಮೇಲೆ ಅವಳು ಒಂದು ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ) ಹಾಕುವಾಗ ತಪ್ಪಿದರೂ ಸಾಕು, 'ನೋಡಿದಿರಾ' ಅನ್ನುತ್ತಾರೆ. ಹತ್ತು ಸರಿ ಹಾಕಿದ್ದು ಯಾರಿಗೂ ಕಾಣುವುದಿಲ್ಲ.

ಇದಕ್ಕೆ ಉಪದೇಶ ಬೇಡ, ಪ್ರಶ್ನೆ ಸಾಕು. ಯಾರಾದರೂ 'ಅವಳು ನಿಧಾನ' ಅಂದರೆ, 'ಯಾವ ಕೆಲಸದಲ್ಲಿ? ಯಾವತ್ತು? ಎಷ್ಟು ರೋಗಿಗಳಿದ್ದರು?' ಅಂತ ಕೇಳಿ. ಜಗಳದ ದನಿ ಬೇಡ, ರೋಗಿಯ ಬಿಪಿ ಕೇಳುವ ದನಿಯಲ್ಲಿ ಕೇಳಿ. ಉತ್ತರ ಇದ್ದರೆ ಅದು ಕಲಿಸಬೇಕಾದ ವಿಷಯ. ಇಲ್ಲದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಯಾರನ್ನು ಹೇಗೆ ಕರೆಯುತ್ತೇವೆ ಅನ್ನುವುದೂ ಇದಕ್ಕೇ ಸೇರಿದ್ದು. 2017ರ ಒಂದು ಅಧ್ಯಯನದಲ್ಲಿ ವೈದ್ಯಕೀಯ ಉಪನ್ಯಾಸಗಳ ವಿಡಿಯೊ ನೋಡಿ ಎಣಿಸಿದ್ದರು. ಗಂಡಸರು ಗಂಡು ಡಾಕ್ಟರನ್ನು ಪರಿಚಯಿಸುವಾಗ 72.4% ಸಲ 'ಡಾಕ್ಟರ್' ಅಂದರು, ಹೆಣ್ಣು ಡಾಕ್ಟರನ್ನು ಪರಿಚಯಿಸುವಾಗ 49.2% ಸಲ. ರೌಂಡ್ಸ್‌ನಲ್ಲಿ ಒಂದೇ ನಿಯಮ ಇರಲಿ: ಎಲ್ಲರಿಗೂ ಪದವಿ ಹೇಳಿ, ಇಲ್ಲವೇ ಎಲ್ಲರಿಗೂ ಹೆಸರು ಹೇಳಿ.

ರೋಗಿಯೇ 'ಇವರು ಬೇಡ' ಅಂದಾಗ

ಇದು ನನಗೆ ಅತಿ ಮುಖ್ಯ ಅನ್ನಿಸುವ ಭಾಗ, ಯಾಕೆಂದರೆ ಇಲ್ಲಿ ಹೆಚ್ಚಿನ ವಾರ್ಡ್‌ಗಳು ಸುಮ್ಮನೆ ಡ್ಯೂಟಿ ಬದಲಾಯಿಸಿ ಕೈ ತೊಳೆದುಕೊಳ್ಳುತ್ತವೆ. ರೋಗಿ ಖುಷಿ, ಗಲಾಟೆ ಇಲ್ಲ. ಬೇಡ ಅನ್ನಿಸಿಕೊಂಡ ನರ್ಸ್ ಔಷಧದ ಕೋಣೆಯಲ್ಲಿ ಟ್ರೇ ಜೋಡಿಸುತ್ತಾ ನಿಂತಿರುತ್ತಾಳೆ. ಇಡೀ ಸಂಸ್ಥೆ ಆ ರೋಗಿಯ ಮಾತಿಗೆ ಸಹಿ ಹಾಕಿತು ಅಂತ ಅವಳಿಗೆ ಅರ್ಥವಾಗಿರುತ್ತದೆ.

ಕಿಮಾನಿ ಪಾಲ್-ಎಮಿಲ್ ಮತ್ತು ಸಂಗಡಿಗರು 2016ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಇದರ ಬಗ್ಗೆ ಬರೆದರು. ರೋಗಿಯ ಸ್ಥಿತಿ, ತೀರ್ಮಾನ ಮಾಡುವ ಶಕ್ತಿ, ಬೇಡ ಅನ್ನಲು ಕಾರಣ, ಬೇರೆ ದಾರಿ ಇದೆಯಾ, ಬೇಡ ಅನ್ನಿಸಿಕೊಂಡವರ ಮೇಲೆ ಆಗುವ ಪರಿಣಾಮ, ಇವನ್ನು ತೂಗಿ ನೋಡಿ ಅನ್ನುತ್ತಾರೆ ಅವರು. ನಾನು ವಾರ್ಡಿನಲ್ಲಿ ಇದನ್ನು ಹೀಗೆ ಬಳಸುತ್ತೇನೆ.

ಜೀವಕ್ಕೆ ಅಪಾಯ ಇದ್ದರೆ ಮೊದಲು ಚಿಕಿತ್ಸೆ, ಯಾರು ಹತ್ತಿರ ಇದ್ದಾರೋ ಅವರಿಂದ. ಆಮೇಲೆ, ರೋಗಿ ಎಚ್ಚರದಲ್ಲಿದ್ದಾರಾ? ಡೆಲಿರಿಯಂ (ಕಾಯಿಲೆಯಿಂದ ಬರುವ ಬುದ್ಧಿಭ್ರಮೆ) ಇದ್ದರೆ, ಮರೆವಿನ ಕಾಯಿಲೆ ಇದ್ದರೆ, ಆ ಮಾತಿಗೆ ವಾದ ಮಾಡಿ ಫಲವಿಲ್ಲ. ನರ್ಸ್‌ಗೆ ಬೆಂಬಲ ಕೊಡಿ, ರೋಗಿಗೆ ಚಿಕಿತ್ಸೆ ಕೊಡಿ. ಮೂರನೆಯದು ಕಾರಣ. ದೌರ್ಜನ್ಯಕ್ಕೆ ಒಳಗಾದ ಹೆಂಗಸು ಹೆಣ್ಣು ನರ್ಸೇ ಬೇಕು ಅಂದರೆ ಅದು ಭೇದಭಾವ ಅಲ್ಲ. ಒಳಾಂಗ ಪರೀಕ್ಷೆಗೆ ಸಂಕೋಚ, ಭಾಷೆ ಅರ್ಥವಾಗದ ಭಯ, ಇವೂ ಒಪ್ಪಬಹುದಾದ ಕಾರಣಗಳು. 'ಈ ಬಣ್ಣದವರು ಮುಟ್ಟಬಾರದು', 'ಆ ಜಾತಿಯವರು ಬೇಡ', 'ಆ ಧರ್ಮದವರು ಬೇಡ' ಅನ್ನುವುದು ಕಾರಣ ಅಲ್ಲ.

ಅಂಥ ಕಡೆ ಮಾತನಾಡಬೇಕಾದದ್ದು ಇನ್‌ಚಾರ್ಜ್, ಬೈಸಿಕೊಂಡವರಲ್ಲ. ನನ್ನ ಮಾತು ಹೆಚ್ಚುಕಮ್ಮಿ ಹೀಗಿರುತ್ತದೆ: 'ಇವರು ಈ ವಾರ್ಡಿನ ಅರ್ಹ ನರ್ಸ್. ಇವತ್ತು ನಿಮ್ಮನ್ನು ನೋಡಿಕೊಳ್ಳುವವರು ಇವರೇ. ಚಿಕಿತ್ಸೆಯಲ್ಲಿ ಏನಾದರೂ ತೊಂದರೆ ಇದ್ದರೆ ನನಗೆ ಹೇಳಿ, ಕೇಳುತ್ತೇನೆ. ಸಿಬ್ಬಂದಿಯನ್ನು ಹುಟ್ಟಿನ ಮೇಲೆ ಬದಲಾಯಿಸುವುದಿಲ್ಲ.' ಇಷ್ಟೇ. ದನಿ ಏರಿಸುವುದಿಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಬಹಳ ರೋಗಿಗಳು ಗೊಣಗಿ ಒಪ್ಪುತ್ತಾರೆ. ಕೆಲವರು ಒಪ್ಪುವುದಿಲ್ಲ. ಬುದ್ಧಿ ಸ್ಥಿಮಿತದಲ್ಲಿರುವ ರೋಗಿಗೆ ಚಿಕಿತ್ಸೆಯನ್ನೇ ಬೇಡ ಅನ್ನುವ ಹಕ್ಕಿದೆ. ಅದನ್ನು ಡಾಕ್ಟರಿಗೆ ತಿಳಿಸಿ, ದಾಖಲೆಯಲ್ಲಿ ಬರೆಯಿರಿ.

ಈ ಮಾತುಕತೆಗೆ ಮೊದಲು ಒಂದು ಕೆಲಸ ಇದೆ. ಆ ನರ್ಸ್ ಅನ್ನು ಪಕ್ಕಕ್ಕೆ ಕರೆದು, 'ನೀನು ಮುಂದುವರಿಸುತ್ತೀಯಾ, ಬದಲಾಯಿಸಲಾ' ಅಂತ ಕೇಳಿ. ಕೆಲವರಿಗೆ ಬದಲಾದರೆ ನೆಮ್ಮದಿ, ಕೆಲವರಿಗೆ ಬದಲಾಯಿಸಿದರೆ ಅವಮಾನ. ನಾವು ಊಹಿಸಬಾರದು. ಅವಳು ಬದಲಾವಣೆ ಬೇಕು ಅಂದರೆ, ಅದು ಅವಳ ಇಚ್ಛೆಯಿಂದ ಆದದ್ದು ಅಂತ ಬರೆದಿಡಿ. ಆ ರೋಗಿಯ ಬದಲು ವಾರ್ಡಿನ ಕಷ್ಟದ ಬೆಡ್ಡುಗಳನ್ನೆಲ್ಲ ಅವಳಿಗೆ ಕೊಡಬೇಡಿ. ಇದು ನಡೆಯುತ್ತದೆ, ನಂಬಿ.

ಸಂದರ್ಶನ, ಮೌಲ್ಯಮಾಪನ

ಇದನ್ನು ಬೇಗ ಮುಗಿಸುತ್ತೇನೆ, ದಾರಿ ಹಳೆಯದೇ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ. ಪ್ರತಿ ಉತ್ತರಕ್ಕೂ ಆಗಲೇ ಅಂಕ. ಪ್ಯಾನೆಲ್‌ನವರು ಅಂಕ ಬರೆದ ಮೇಲೆ ಮಾತು, ಮೊದಲು ಮಾತನಾಡುವುದು ಚಿಕ್ಕವರು, ಕೊನೆಗೆ ದೊಡ್ಡವರು. 'ನಮ್ಮ ಟೀಮಿಗೆ ಹೊಂದುವುದಿಲ್ಲ' ಅನ್ನುವ ಮಾತಿಗೆ ಅಂಕ ಇಲ್ಲ. 'ಮದುವೆ ಯಾವಾಗ', 'ಮಗು ಯಾರು ನೋಡಿಕೊಳ್ಳುತ್ತಾರೆ' ಕೇಳುವಂತಿಲ್ಲ.

ಮೌಲ್ಯಮಾಪನ ಬರೆದ ಮೇಲೆ ನಾಲ್ಕೈದು ಜನರದ್ದನ್ನು ಪಕ್ಕಪಕ್ಕ ಇಟ್ಟು ಓದಿ. ಅಮೆರಿಕದ ಒಂದು ಮೆಡಿಕಲ್ ಕಾಲೇಜಿನ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಹೀಗೆ ಓದಿದವರು 2003ರಲ್ಲಿ ಪ್ರಕಟಿಸಿದ್ದರು. ಹೆಂಗಸರ ಬಗ್ಗೆ ಬರೆದ ಪತ್ರಗಳು ಚಿಕ್ಕದಾಗಿದ್ದವು, ಅನುಮಾನ ಹುಟ್ಟಿಸುವ ಮಾತು ಹೆಚ್ಚಿದ್ದವು. ನಿಮ್ಮ ಕೈಬರಹದಲ್ಲಿ ಒಬ್ಬರು 'ಸಮರ್ಥರು', ಇನ್ನೊಬ್ಬರು 'ಕಷ್ಟಪಟ್ಟು ಕೆಲಸ ಮಾಡುವವರು' ಆಗಿದ್ದಾರಾ ನೋಡಿ. ಇಬ್ಬರ ಕೆಲಸವೂ ಒಂದೇ ಆಗಿದ್ದರೆ ಒಂದೇ ಪದ ಬರೆಯಿರಿ.

ನಿಮಗೇ ಆಗುತ್ತಿದ್ದರೆ

ಮೇಲಿನದೆಲ್ಲ ಪಟ್ಟಿ ಹಾಕುವವರಿಗೆ. ಪಟ್ಟಿಯಲ್ಲಿ ಹೆಸರಿರುವವರು ಏನು ಮಾಡಬೇಕು?

ಬರೆದಿಡಿ. ತಾರೀಖು, ಸಮಯ, ಜಾಗ, ಯಾರಿದ್ದರು, ಆಡಿದ ಮಾತು ಆಡಿದಂತೆಯೇ. ನಿಮಗೆ ಏನನ್ನಿಸಿತು ಅನ್ನುವುದು ಬೇರೆ ಸಾಲಿನಲ್ಲಿರಲಿ. ರೋಗಿಯ ಹೆಸರು, ದಾಖಲೆ ನಂಬರ್, ಚಾರ್ಟಿನ ಫೋಟೊ ಯಾವುದೂ ಈ ಪುಸ್ತಕಕ್ಕೆ ಬರಬಾರದು. ನ್ಯಾಯ ನಿಮ್ಮ ಕಡೆ ಇದ್ದರೂ, ಗೋಪ್ಯತೆ ಮುರಿದರು ಅಂತ ನಿಮ್ಮ ಮೇಲೆಯೇ ಕೇಸ್ ತಿರುಗುತ್ತದೆ. ಆಸ್ಪತ್ರೆಯ ಕಂಪ್ಯೂಟರ್‌ನಲ್ಲೂ ಇಡಬೇಡಿ.

ಆಮೇಲೆ ಪ್ರಶ್ನೆ ಕೇಳಿ, ಆರೋಪ ಬೇಡ. 'ನನಗೆ ಯಾಕೆ ಯಾವಾಗಲೂ' ಅಂತ ಶುರು ಮಾಡಿದರೆ ಅವರು ಕೋಟೆ ಕಟ್ಟಿಕೊಳ್ಳುತ್ತಾರೆ. 'ತರಬೇತಿಗೆ ಹೆಸರು ಹೇಗೆ ಆಯ್ಕೆ ಮಾಡುತ್ತೀರಿ? ನನ್ನ ಸರದಿ ಯಾವಾಗ ಬರುತ್ತದೆ?' ಅಂದರೆ ಉತ್ತರ ಕೊಡಲೇಬೇಕಾಗುತ್ತದೆ. ಬಾಯಲ್ಲಿ ಹೇಳಿದ್ದನ್ನು ಅದೇ ದಿನ ಎರಡು ಸಾಲಿನ ಮೇಲ್ ಮಾಡಿ: 'ಇವತ್ತು ನೀವು ಹೀಗೆ ಹೇಳಿದಿರಿ, ನಾನು ಸರಿಯಾಗಿ ಅರ್ಥ ಮಾಡಿಕೊಂಡಿದ್ದೇನೆ ಅಂದುಕೊಂಡಿದ್ದೇನೆ.' ಅವರು ಉತ್ತರಿಸದಿದ್ದರೂ ಅದು ದಾಖಲೆ. ದೂರು ಕೊಡುವ ಮಟ್ಟಕ್ಕೆ ಹೋದರೆ, ಮೊದಲು ಯೂನಿಯನ್ ಅಥವಾ ಸಂಘದವರ ಹತ್ತಿರ ಮಾತನಾಡಿ. ದೂರು ಕೊಡಲು ಗಡುವು ಎಷ್ಟು ಅಂತಲೂ ಆಗಲೇ ಕೇಳಿಕೊಳ್ಳಿ. ಕೆಲವು ಕಡೆ ಅದು ತುಂಬಾ ಚಿಕ್ಕದು.

ಬೇರೆಯವರಿಗೆ ಆಗುವುದನ್ನು ಕಂಡವರು ಆ ಕ್ಷಣದಲ್ಲಿ ವೀರಾವೇಶ ತೋರಿಸಬೇಕಾಗಿಲ್ಲ. ಮೀಟಿಂಗಿನಲ್ಲಿ ಅವಳ ಮಾತು ಕತ್ತರಿಸಿದರೆ, 'ಅವರು ಹೇಳುತ್ತಿದ್ದದ್ದು ಮುಗಿಯಲಿ' ಅನ್ನಿ. ಅವಳು ಹೇಳಿದ್ದನ್ನೇ ಇನ್ನೊಬ್ಬರು ತಮ್ಮದೆಂದು ಹೇಳಿದರೆ, 'ಹೌದು, ಇವರು ಆಗ ಹೇಳಿದ್ದು ಇದೇ' ಅನ್ನಿ. ಅದೂ ಆಗಲಿಲ್ಲವಾ? ಶಿಫ್ಟ್ ಮುಗಿದ ಮೇಲೆ ಅವಳ ಹತ್ತಿರ ಹೋಗಿ, 'ನಾನು ನೋಡಿದೆ. ನೀನು ಬರೆಯುವುದಾದರೆ ಸಾಕ್ಷಿಗೆ ನನ್ನ ಹೆಸರು ಹಾಕು' ಅಂತ ಹೇಳಿ, ಆ ದಿನದ ತಾರೀಖು ಸಮಯ ನೀವೂ ಬರೆದಿಟ್ಟುಕೊಳ್ಳಿ.